ಚೀಟಿಯ ಮೂರನೆಯ ಸಾಲು

೧ ಜನವರಿ ೧೯೮೧, ಗುರುವಾರ

ಈ ಡೈರಿ ಬಿಟ್ಟಿ ಬಂದದ್ದು. ಔಷಧ ಕಂಪನಿಯವನು ನಮ್ಮ ಹೆರಿಗೆ ಆಸ್ಪತ್ರೆಯ ಡಾಕ್ಟರ್‌ಬಾಯಿಗೆ ಐದು ಕೊಟ್ಟಿದ್ದ. ಐದನೆಯದರ ರಟ್ಟು ಹರಿದಿತ್ತು, ಅದನ್ನು ನನ್ನ ಕಡೆ ತಳ್ಳಿದರು. ಹರಿದದ್ದು ಯಾವಾಗಲೂ ದಾರಿ ತಪ್ಪದೆ ನನ್ನ ಹತ್ತಿರವೇ ಬರುತ್ತದೆ. ಇರಲಿ. ಬೀದರಿನ ಬೋರ್ಡಿಂಗಿನಲ್ಲಿ ಏಳನೆಯ ಇಯತ್ತೆವರೆಗೆ ಕಲಿತದ್ದು ಡೊಂಬಿವಲಿಯಲ್ಲಿ ಬೆಡ್‌ಪ್ಯಾನ್ ತೊಳೆದ ನೀರಿನ ಜೊತೆ ಮೋರಿಗೆ ಹೋಗುವ ಮೊದಲು ಇದರಲ್ಲಿ ಬರೆಯುತ್ತೇನೆ. ಯಾರೂ ಓದುವುದಿಲ್ಲ. ಮನೆಯಲ್ಲಿರುವವಳು ಅತ್ತೆ ಕಾಳವ್ವ ಒಬ್ಬಳೇ, ಅವಳಿಗೆ ಅಕ್ಷರವೆಂದರೆ ಹೆಬ್ಬೆಟ್ಟಿನ ಮಸಿ.

ಬೆಳಿಗ್ಗೆ ಅಂಬರನಾಥದಿಂದ ಕಲ್ಯಾಣಕ್ಕೆ ಹೋಗಿ ಹೊಸ ವರ್ಷದ ಆರಾಧನೆ ಮುಗಿಸಿ ಬಂದೆವು. ನಮ್ಮ ಕನ್ನಡ ಸಭೆ ಎಂದರೆ ರೈಲ್ವೆ ಕ್ವಾರ್ಟರ್ಸಿನ ಹಿಂದಿನ ಸಿಮೆಂಟ್ ಶೀಟಿನ ಹಾಲು. ಮುಂದೆ ಐದು ಸಾಲು ಬೆಂಚು. ಉಡುಪಿ, ಮಂಗಳೂರು ಕಡೆಯವರು, ವಾಗ್ಳೆ ಎಸ್ಟೇಟಿನ ಆಫೀಸುಗಳಲ್ಲಿ ಕೂತು ಕೆಲಸ ಮಾಡುವವರು. ಹಿಂದೆ ಚಾಪೆ, ಬೀದರ್ ಕಡೆಯ ನಾವು, ಬಗ್ಗಿ ಕೆಲಸ ಮಾಡುವವರು. ಚಾಪೆಯ ಮೇಲೆ ಕೂಡಿರಿ ಎಂದು ಯಾರೂ ಹೇಳಿಲ್ಲ. ಬೆಂಚಿನ ಮೇಲೆ ಕೂಡಿರಿ ಎಂದೂ ಯಾರೂ ಹೇಳಿಲ್ಲ. ನಾನು ಮಾತ್ರ ಕೊನೆಯ ಬೆಂಚಿನ ತುದಿಯಲ್ಲಿ ಅರ್ಧ ಕುಂಡೆ ಊರಿ ಕೂಡುತ್ತೇನೆ. ಕಾಳವ್ವ ಹಲ್ಲಿಗೆ ತಿಕ್ಕುವ ಮಿಶ್ರಿಯ, ಆ ಸುಟ್ಟ ತಂಬಾಕಿನ ಪುಡಿಯ ವಾಸನೆ ಅಲ್ಲಿಗೆ ಬರುವುದಿಲ್ಲ.

ಪಾದ್ರಿ ಅಯ್ಯನವರು ಹೇಳಿದರು, ಗುರಿ ಇಲ್ಲದ ವಿಶ್ವಾಸಿ ಬೋರ್ಡು ಇಲ್ಲದ ಲೋಕಲ್ ಗಾಡಿ, ಹತ್ತಿದವರಿಗೂ ಗೊತ್ತಿರುವುದಿಲ್ಲ ಎಲ್ಲಿಗೆ ಹೋಗುತ್ತದೆಂದು. ಪ್ರತಿಯೊಬ್ಬರೂ ಈ ವರ್ಷದ ಮೂರು ಗುರಿಗಳನ್ನು ಚೀಟಿಯಲ್ಲಿ ಬರೆದು ಕಾಣಿಕೆ ಚೀಲಕ್ಕೆ ಹಾಕಬೇಕು. ಹರಕೆ ಅನ್ನಬಾರದು, ಸಂಕಲ್ಪ ಅನ್ನಬಾರದು, ಅವು ನಾವು ಬಿಟ್ಟುಬಂದ ಮಾತುಗಳು, ತೀರ್ಮಾನ ಅನ್ನಬೇಕು. ಪ್ರತಿ ತೀರ್ಮಾನದ ಕೊನೆಗೆ ‘ಕರ್ತನ ಚಿತ್ತವಾದರೆ’ ಎಂದು ಸೇರಿಸಬೇಕು. ಚೀಟಿ ಚಿಕ್ಕದು. ನಾನು ಕ.ಚಿ. ಎಂದು ಬರೆದೆ.

ದಿನಾ ಗಾಡಿ ಹಿಡಿಯುವ ಮೊದಲು ಸತ್ಯವೇದದ ಒಂದು ಅಧ್ಯಾಯ ಗಟ್ಟಿಯಾಗಿ ಓದುವೆ, ಕ.ಚಿ. ಯಾರನ್ನು ಕಂಡೂ ಅಸಹ್ಯ ಪಡುವುದಿಲ್ಲ, ಕ.ಚಿ. ಈ ವರ್ಷ ಮುಗಿಯುವುದರೊಳಗೆ ಒಂದು ಭಾನುವಾರ ಸಭೆಯ ಮುಂದೆ ನಿಂತು ವೇದಪಾಠ ಓದುವೆ, ಕ.ಚಿ.

ಮೂರನೆಯದನ್ನು ಒತ್ತಿ ಬರೆದೆ. ಈ ಹಾಲು ಕಟ್ಟಿ ಹನ್ನೆರಡು ವರ್ಷ. ಚಾಪೆಯಿಂದ ಎದ್ದು ಹೋಗಿ ಪಾಠ ಓದಿದವರು ಒಬ್ಬರಿಲ್ಲ. ನಾಲ್ಕು ವರ್ಷದ ಹಿಂದೆ ನನ್ನ ಗಂಡ ಯಂಕಪ್ಪ ಹಳಿ ದಾಟುವಾಗ ಹೋದ. ಮಣ್ಣಿನ ದಿನ ಪಾಠ ಓದಲು ಬೆಂಚಿನವರು ಒಬ್ಬರೂ ಬರಲಿಲ್ಲ. ನಾನು ಓದುತ್ತೇನೆ ಎಂದೆ. ಮಣ್ಣಿನ ಹತ್ತಿರ ಹೆಂಗಸು, ಅದರಲ್ಲೂ ಹೆಂಡತಿ, ಓದಬಾರದು ಎಂದರು. ಪಾಠವಿಲ್ಲದೆ ಮಣ್ಣಾದ. ಬೋರ್ಡಿಂಗಿನಲ್ಲಿ ಓದಿದ್ದಕ್ಕೆ ಬಹುಮಾನ ತಗೊಂಡವಳು ನಾನು, ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದೆ.

೧೧ ಜನವರಿ, ಭಾನುವಾರ

ಥೂ.

ಸಭಾಹಿರಿಯರು ಚೀಟಿಗಳನ್ನು ತೆರೆದು ಓದುತ್ತಾರೆಂದು ನನಗೆ ಗೊತ್ತಿರಲಿಲ್ಲ. ದೇವರಿಗೆ ಬರೆದ ಚೀಟಿ ಎಂದುಕೊಂಡಿದ್ದೆ. ಆರಾಧನೆ ಮುಗಿದ ಮೇಲೆ ಹಿರಿಯರಾದ ಕುಂದರ್ ಕರೆದರು. ವಾಗ್ಳೆ ಎಸ್ಟೇಟಿನಲ್ಲಿ ಹೆಡ್‌ಕ್ಲಾರ್ಕು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು.

“ನಿಮ್ಮ ಚೀಟಿ ನೋಡಿದೆವು ಚಂದ್ರಬಾಯಿ. ಒಳ್ಳೆದುಂಟು. ಮೂರನೇದು ಮಾತ್ರ ಸ್ವಲ್ಪ ತಿದ್ದಿದ್ದೇವೆ, ಬೇಜಾರು ಮಾಡ್ಬೇಡಿ.”

“ಏನಂತ ತಿದ್ದೀರಿ?”

“ಗುರಿ ಅಂದ್ರೆ ನಮ್ಮ ವರಕ್ಕೆ ತಕ್ಕ ಹಾಗೆ ಇರ್ಬೇಕಲ್ವಾ. ಒಬ್ಬೊಬ್ಬರಿಗೆ ಒಂದೊಂದು ವರ. ನಿಮಗೆ ಶುಚಿತ್ವದ ವರ ಉಂಟು. ಆಸ್ಪತ್ರೆ ನೆಲ ಎಷ್ಟು ಚಂದ ಇಡ್ತೀರಿ, ನನ್ನ ಮಿಸೆಸ್ಸೇ ನೋಡಿದ್ದಾಳೆ.”

ಚೀಟಿ ತೋರಿಸಿದರು. ನನ್ನ ಸಾಲಿನ ಮೇಲೆ ಸ್ಕೇಲ್ ಇಟ್ಟು ಕೆಂಪು ಗೆರೆ ಎಳೆದಿತ್ತು. ಕೆಳಗೆ ಅವರದೇ ದುಂಡು ಅಕ್ಷರದಲ್ಲಿ: ‘ಪ್ರತಿ ಶನಿವಾರ ದೇವಾಲಯ ಗುಡಿಸಿ ಒರೆಸುವೆ.’ ಕ.ಚಿ. ಮಾತ್ರ ನನ್ನದನ್ನೇ ಉಳಿಸಿದ್ದರು.

ಅವರ ಗುರಿಯನ್ನು ಇವತ್ತು ಅಯ್ಯನವರೇ ಸಭೆಗೆ ಓದಿ ಹೇಳಿದರು: ವಾಶಿಯಲ್ಲಿ ಸ್ವಂತ ಫ್ಲ್ಯಾಟ್, ಕರ್ತನ ಚಿತ್ತವಾದರೆ. ಎಲ್ಲರೂ ಕಣ್ಣು ಮುಚ್ಚಿ ಅದಕ್ಕಾಗಿ ಪ್ರಾರ್ಥಿಸಿದೆವು. ನಾನೂ ಆಮೆನ್ ಅಂದೆ. ಆ ಆಮೆನ್ ಇನ್ನೂ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿದೆ.

೧೭ ಜನವರಿ, ಶನಿವಾರ

ಗುಡಿಸಿದೆ. ಒರೆಸಿದೆ. ಕೀಲಿಕೈ ನನ್ನ ಹತ್ತಿರವೇ ಇರಲಿ ಎಂದಿದ್ದಾರೆ. ಯಾರೂ ಇರಲಿಲ್ಲ. ಪಾಠದ ಮೇಜಿನ ಧೂಳು ಒರೆಸಿ ಅದರ ಹಿಂದೆ ನಿಂತೆ. ಮೇಜು ನನ್ನ ಎದೆಮಟ್ಟಕ್ಕೆ ಬರುತ್ತದೆ. ಒಂದು ಅಧ್ಯಾಯ ಓದಿದೆ. ಬೆಂಚುಗಳು ಸುಮ್ಮನೆ ಕೇಳಿಸಿಕೊಂಡವು. ಕೂತವರಿಗಿಂತ ಅವು ವಾಸಿ.

೩ ಫೆಬ್ರವರಿ, ಮಂಗಳವಾರ

ಎರಡನೆಯ ತೀರ್ಮಾನಕ್ಕೆ ಲೆಕ್ಕ ಇಡುತ್ತಿದ್ದೇನೆ. ಅಸಹ್ಯವಾದಾಗಲೆಲ್ಲ ತಾರೀಖಿನ ಪಕ್ಕ ಒಂದು ಗೀಟು. ಇವತ್ತಿಗೆ ಏಳು. ಡಾಕ್ಟರ್‌ಬಾಯಿ ನನ್ನ ಲೋಟಕ್ಕೆ ಚಹಾವನ್ನು ಮೇಲಿನಿಂದ ಸುರಿದಾಗ ಒಂದು. ಗಾಡಿಯಲ್ಲಿ ಪಕ್ಕದವಳು ನನ್ನ ಫಿನಾಯಿಲ್ ವಾಸನೆಗೆ ಮೂಗು ಮುಚ್ಚಿದಾಗ ಎರಡು, ಒಂದು ಅವಳ ಮೇಲೆ, ಇನ್ನೊಂದು ನನ್ನ ಕೈ ಮೇಲೆ. ನಿಂಬೆಹೋಳು ಹಾಕಿ ತಿಕ್ಕಿದರೂ ಹೋಗುವುದಿಲ್ಲ ಈ ವಾಸನೆ. ಭಾನುವಾರ ಹೋಗುವ ಮೊದಲು ಎರಡು ನಿಂಬೆ ಮುಗಿಸುತ್ತೇನೆ.

ಉಳಿದ ನಾಲ್ಕೂ ಕಾಳವ್ವನ ಮೇಲೆ. ಮಿಶ್ರಿ ಹಚ್ಚಿ ಕಪ್ಪಾದ ಬೆರಳನ್ನು ಗೋಡೆಗೆ ಒರೆಸುತ್ತಾಳೆ. ಅದೇ ಬೆರಳಲ್ಲಿ ನನ್ನ ತಟ್ಟೆಗೆ ಉಪ್ಪು ಇಡುತ್ತಾಳೆ. ಸಭೆಯಲ್ಲಿ ಹಾಡಿನ ಮಾತು ಗೊತ್ತಿಲ್ಲದಿದ್ದರೂ ಎಲ್ಲರಿಗಿಂತ ಗಟ್ಟಿಯಾಗಿ ಎಳೆಯುತ್ತಾಳೆ. ಮುಂದಿನ ಬೆಂಚಿನವರು ತಿರುಗಿ ನೋಡುತ್ತಾರೆ, ನಾನು ಅವಳ ಗುರುತೇ ಇಲ್ಲದವಳಂತೆ ಕಿಟಕಿ ನೋಡುತ್ತೇನೆ.

ಮೊದಲನೆಯ ತೀರ್ಮಾನ ಸರಿಯಾಗಿ ನಡೆದಿದೆ, ಕ.ಚಿ. ಮುಂದೆಯೂ ನಡೆಯುತ್ತದೆ, ಕ.ಚಿ.

೧೯ ಏಪ್ರಿಲ್, ಭಾನುವಾರ, ಈಸ್ಟರ್

ಕರ್ತನ ಭೋಜನವಿತ್ತು. ಒಂದೇ ಪಾತ್ರೆ, ಎಲ್ಲರೂ ಅದರಲ್ಲೇ ಒಂದೊಂದು ಗುಟುಕು ಕುಡಿಯಬೇಕು. ಮೊದಲು ಬೆಂಚು, ಆಮೇಲೆ ಚಾಪೆ. ಇದೂ ಯಾರೂ ಹೇಳದ ನಿಯಮ. ಅಯ್ಯನವರು ಎರಡು ಕೈ ಚಾಚಿ, ದಣಿದವರೆಲ್ಲ ಬನ್ನಿ ಎಂದು ಕರೆದರು. ಕಾಳವ್ವ ಎದ್ದಳು. ದಣಿದವಳು ತಾನೇ ಎಂದುಕೊಂಡಳು. ನೆಟ್ಟಗೆ ನಡೆದುಹೋಗಿ ಎಲ್ಲರಿಗಿಂತ ಮೊದಲು ಮಂಡಿಯೂರಿದಳು. ಅಯ್ಯನವರಿಗೆ ಬೇರೆ ದಾರಿ ಇರಲಿಲ್ಲ, ಕೊಟ್ಟರು. ಅವಳು ಕುಡಿದು, ಬಾಯಿ ಒರೆಸಿಕೊಂಡು, “ದೇವರು ನಿಮ್ಮನ್ನ ಚಂದಾಗಿಡ್ಲಿ” ಎಂದು ಪಾದ್ರಿಗೇ ಆಶೀರ್ವಾದ ಮಾಡಿ ಬಂದಳು.

ಆಮೇಲೆ ಬೆಂಚುಗಳಿಂದ ಯಾರೂ ಏಳಲಿಲ್ಲ.

ಪಾತ್ರೆ ಹಿಡಿದುಕೊಂಡು ಅಯ್ಯನವರು ನಿಂತೇ ನಿಂತರು. ಕುಂದರ್ ಕೆಮ್ಮಿದರು. ಅವರ ಹೆಂಡತಿ ರತ್ನಾಬಾಯಿ ಗಂಟಲು ಮುಟ್ಟಿಕೊಂಡು ಕೈಯಾಡಿಸಿದರು. ಐದು ಸಾಲಿಗೆ ಐದು ಸಾಲೇ ಗಂಟಲು ಹಿಡಿದುಕೊಂಡಿತು. ಸಮಾಧಿ ಒಡೆದು ಎದ್ದುಬಂದವನ ಹಬ್ಬ, ಬೆಂಚಿನಿಂದ ಏಳಲು ಒಬ್ಬರಿಗೂ ಕಾಲಿಲ್ಲ. ಚಾಪೆಯವರೆಲ್ಲ ಹೋಗಿ ಕುಡಿದರು. ನಾನು ಹೋದೆನೇ? ಹೋಗಲಿಲ್ಲ. ಕೊನೆಯ ಬೆಂಚಿನ ತುದಿಯಲ್ಲಿ ನನ್ನ ಗಂಟಲನ್ನೂ ಮುಟ್ಟಿಕೊಂಡಿದ್ದೆ. ಬರೆಯಬೇಕು ಇದನ್ನು. ಬರೆದಿದ್ದೇನೆ.

ಗಾಡಿಯಲ್ಲಿ ಕಾಳವ್ವ ಕೇಳಿದಳು, “ಎಲ್ಲಾರ ಗಂಟಲಾ ಒಂದೇ ದಿನ ಹ್ಯಾಂಗ ಕೆಟ್ಟವು ಚಂದ್ರಿ?”

ನಾನು ಕಿಟಕಿ ಕಡೆ ತಿರುಗಿದೆ.

“ನಿಂದೂ ಕೆಟ್ಟಿತ್ತಲ್ಲ. ಮನಿಗಿ ಹೋಗಿ ಬಿಸಿನೀರಾಗ ಉಪ್ಪ ಹಾಕಿ ಕೊಡ್ತೀನಿ, ಮುಕ್ಕಳಸು.”

ಉಪ್ಪುನೀರು ನಿಜವಾಗಿಯೂ ಕಾಸಿಕೊಟ್ಟಳು. ಮುಕ್ಕಳಿಸಿದೆ. ಗೀಟು ಎಷ್ಟು ಹಾಕಲಿ, ಯಾರ ಮೇಲೆ ಹಾಕಲಿ?

೩ ಮೇ, ಭಾನುವಾರ

ಪಾತ್ರೆ ಹೋಯಿತು. ಆರೋಗ್ಯದ ದೃಷ್ಟಿಯಿಂದ ಇನ್ನು ಮುಂದೆ ಒಬ್ಬೊಬ್ಬರಿಗೆ ಒಂದೊಂದು ಸ್ಟೀಲಿನ ಬಟ್ಟಲು. ಒಟ್ಟು ಎಪ್ಪತ್ತು. ತೊಳೆಯುವವಳು ನಾನು. ಶುಚಿತ್ವದ ವರ ಬೆಳೆಯುತ್ತಿದೆ.

೧೨ ಜುಲೈ, ಭಾನುವಾರ

ಎರಡು ತಿಂಗಳು ಬರೆದಿಲ್ಲ. ಮಳೆ, ಗಾಡಿ ಇಲ್ಲ, ಆಸ್ಪತ್ರೆಯ ನೆಲಮನೆಯಲ್ಲಿ ಮೊಣಕಾಲು ನೀರು. ಬೇರೆ ಬರೆಯುವಂಥದ್ದೇನೂ ಇಲ್ಲ.

ಇವತ್ತು ಅಯ್ಯನವರನ್ನೇ ಬಾಗಿಲಲ್ಲಿ ತಡೆದು ಕೇಳಿದೆ, ನನ್ನ ಮೂರನೆಯ ತೀರ್ಮಾನ ಏನಾಯಿತು ಎಂದು. ಕೆಟ್ಟ ಮನುಷ್ಯರಲ್ಲ. ಅದೇ ತಾಪತ್ರಯ. ಛತ್ರಿ ಬಿಚ್ಚುತ್ತ ಹೇಳಿದರು:

“ನೋಡೋಣಮ್ಮ. ಕರ್ತನ ಚಿತ್ತವಾದರೆ.”

“ಕರ್ತಂದು ಆಗ್ಯದರೀ ಅಯ್ಯನವರ. ನಿಮ್ಮದು ಆಗಬೇಕಾಗ್ಯದ.”

ನಕ್ಕರು, ಮಳೆಗೆ ಇಳಿದರು. ಈ ಹಾಲಿನಲ್ಲಿ ‘ಕರ್ತನ ಚಿತ್ತವಾದರೆ’ ಎಂದರೆ ಏನೆಂದು ನನಗೀಗ ಗೊತ್ತಾಗಿದೆ. ತಮಗೆ ಬೇಕಾದದ್ದಕ್ಕೆ ಸೇರಿಸಿದರೆ ಆಗಲಿ ಎಂದರ್ಥ. ನಮಗೆ ಬೇಕಾದದ್ದಕ್ಕೆ ಸೇರಿಸಿದರೆ ಆಗುವುದಿಲ್ಲ ಎಂದರ್ಥ. ಪಾಪ, ಕರ್ತನಿಗೆ ಇವರ ಚಿತ್ತಗಳನ್ನೆಲ್ಲ ಹೊತ್ತು ತಿರುಗುವುದೇ ಕೆಲಸವಾಗಿದೆ. ನಮ್ಮ ಹಾಗೆ ಅವನೂ ಇವರ ಹಮಾಲ.

ನನ್ನ ಓದು ಬಿಟ್ಟಿಲ್ಲ. ಬೆಳಿಗ್ಗೆ ಐದಕ್ಕೆ ಕಾಳವ್ವ ಒಲೆಯ ಮುಂದೆ ಕೂತು ಕೇಳುತ್ತಾಳೆ. ನಡುವೆ ನಡುವೆ ಹೂಂ ಎನ್ನುತ್ತಾಳೆ. ಹೂಂ ಇಲ್ಲದಿದ್ದರೆ ಓದು ಮುಂದೆ ಹೋಗುವುದಿಲ್ಲ ಈಗ.

೨೬ ಡಿಸೆಂಬರ್, ಶನಿವಾರ

ತಿಂಗಳುಗಟ್ಟಲೆ ಬರೆಯದೆ ಇವತ್ತು ಪುಟಗಟ್ಟಲೆ ಬರೆಯುತ್ತೇನೆ.

ಮಧ್ಯಾಹ್ನ ಹಾಲು ಒರೆಸುತ್ತಿದ್ದೆ. ಕುಂದರ್ ಬಂದರು, ಒದ್ದೆ ನೆಲದ ಮೇಲೆ ಬೂಟುಗಾಲಲ್ಲಿ. ಹಬ್ಬಕ್ಕೆಂದು ಬೆಂಚಿನವರು ಅರ್ಧಕ್ಕರ್ಧ ಊರಿಗೆ ಹೋಗಿದ್ದಾರೆ. ಇವರು ಹೋಗಿಲ್ಲ, ಏಕೆಂದರೆ ವಾಶಿಯ ಫ್ಲ್ಯಾಟಿನ ಕೀಲಿಕೈ ಸಿಕ್ಕಿದೆ, ನಾಳೆ ಸಭೆಯಲ್ಲಿ ಅದಕ್ಕೆ ಸ್ತೋತ್ರ ಸಲ್ಲಿಸಬೇಕು. ಪಾಠ ಓದಬೇಕಾಗಿದ್ದವರು ರತ್ನಾಬಾಯಿ. ಅವರಿಗೆ ಗಂಟಲು ಕೆಟ್ಟಿದೆ. ಈ ಸಲ ನಿಜವಾಗಿ ಕೆಟ್ಟಿದೆ.

“ನಾಳೆ ಪಾಠ ನೀವು ಓದಿ ಅಂತ ಅಯ್ಯನವರು ಹೇಳಿದ್ರು. ಬೇರೆ ಯಾರೂ ಇಲ್ಲ ನೋಡಿ.”

ಒರೆಸುವ ಬಟ್ಟೆ ಕೈಯಲ್ಲೇ ಇತ್ತು. ಹಿಂಡುವುದನ್ನು ಮರೆತು ನಿಂತೆ, ನೀರು ಕಾಲ ಮೇಲೆ ಸುರಿಯಿತು.

“ಒಮ್ಮೆ ನನ್ನೆದುರು ಓದಿ ತೋರಿಸಿ. ನಿಮ್ಮ ಉಚ್ಚಾರ ಗೊತ್ತುಂಟಲ್ಲ.”

ಬೆಂಚಿನ ಮೇಲೆ ಕೂತರು. ನಾನು ನಿಂತು ಓದಿದೆ. ಪೇತ್ರನು ಮಾಳಿಗೆಯ ಮೇಲೆ ಹಸಿದು ಪ್ರಾರ್ಥಿಸುತ್ತಿದ್ದಾಗ ಕಂಡ ದರ್ಶನದ ಭಾಗ.

“ಪ್ರಬು ಅಲ್ಲ ಮಾರಾಯ್ತಿ, ಪ್ರಭು. ಹೊಟ್ಟೆಯಿಂದ ಗಾಳಿ ಬರ್ಬೇಕು. ಸಬ್ದ ಅಲ್ಲ, ಶಬ್ದ.”

ತಿದ್ದಿ ಓದಿದೆ. ಆ ಮಾತು ಬಂತು. ಅಶುದ್ಧ ಎನ್ನಬೇಕಾದ ಕಡೆ ನಮ್ಮ ಹಳೆಯ ಪುಸ್ತಕದಲ್ಲಿ ‘ಹೊಲೆ’ ಎಂದು ಹಾಕಿದ್ದಾರೆ. ತಿನ್ನಬಾರದ್ದಕ್ಕೆ, ಮುಟ್ಟಬಾರದ್ದಕ್ಕೆ, ದೇವರ ಪುಸ್ತಕವನ್ನು ಕನ್ನಡಕ್ಕೆ ತಂದ ಮಹನೀಯರಿಗೆ ಸಿಕ್ಕಿದ ಮಾತು ನಮ್ಮ ಕುಲದ ಹೆಸರು. ಬೋರ್ಡಿಂಗಿನಲ್ಲಿದ್ದಾಗ ಆ ಮಾತು ಬಂದಲ್ಲೆಲ್ಲ ಕೆಳಗೆ ನೋಡುತ್ತಿದ್ದೆ. ಈ ವರ್ಷ ಬೆಳಿಗ್ಗೆ ಓದುವಾಗಲೂ ಆ ಅಧ್ಯಾಯ ಹಾರಿಸಿದ್ದೆ. ಇವತ್ತು ಹಾರಿಸಲು ಜಾಗವಿರಲಿಲ್ಲ. ಓದಿದೆ.

ಕುಂದರ್ ನಕ್ಕರು. ಕೆಟ್ಟದಾಗಿ ಅಲ್ಲ, ಸಲಿಗೆಯಿಂದ, ಅದೇ ಹೆಚ್ಚು ಹೊಲಸು.

“ಅದೊಂದು ಶಬ್ದ ನಿಮ್ಮ ಬಾಯಲ್ಲಿ ತಪ್ಪದೆ ಬರ್ತದೆ ನೋಡಿ.”

ಬಟ್ಟೆಯನ್ನು ಬಕೆಟ್ಟಿಗೆ ಹಾಕಿದೆ. ಮುಖದ ಮೇಲೆ ಎಸೆಯಲಿಲ್ಲ. ಎಸೆದಿದ್ದರೆ ನಾಳೆ ಓದಲು ಬಿಡುತ್ತಿರಲಿಲ್ಲ. ಈ ವರ್ಷಕ್ಕೆ ಉಳಿದಿರುವುದು ಒಂದೇ ಭಾನುವಾರ. ಅವರು ಹೋದ ಮೇಲೆ ಬೂಟಿನ ಗುರುತುಗಳನ್ನು ಮತ್ತೆ ಒರೆಸಿದೆ, ಒಂದೊಂದೂ.

ಮನೆಗೆ ಬಂದು ಕಾಳವ್ವನ ಮುಂದೆ ಓದಿದೆ. ಹೇಳಿಯೇ ಓದಿದೆ, ನಿನಗೆ ಹಿಡಿಸುವುದಿಲ್ಲ ಅತ್ತಿ, ಅದರಾಗ ಹಲ್ಕಟ್ ಮಾತೊಂದದ ಎಂದು. ಆಕಾಶದಿಂದ ದೊಡ್ಡ ಜೋಳಿಗೆ ಇಳಿದದ್ದು, ಅದರ ತುಂಬ ಪ್ರಾಣಿ ಪಕ್ಷಿ, ಎದ್ದು ತಿನ್ನು ಎಂದು ದೇವರು ಹೇಳಿದ್ದು, ಅಂಥದ್ದನ್ನೆಲ್ಲ ತಿಂದವನಲ್ಲ ಎಂದು ಪೇತ್ರ ಹಟ ಹಿಡಿದದ್ದು.

“ಹಸದಾನ ಅಂತಿ, ಆದ್ರೂ ಒಲ್ಲಿ ಅಂತಾನ. ನಮ್ಮೂರ ಗೌಡ ಇದ್ದಂಗಿದ್ದಾನಲ್ಲ ಇಂವ,” ಎಂದಳು.

ನಾನು ಶುದ್ಧ ಮಾಡಿದ್ದನ್ನು ನೀನು ಹಾಗೆ ಕರೆಯಬೇಡ ಎಂಬ ಸಾಲಿಗೆ ಬಂದಾಗ ಕಾಳವ್ವ ಕೈ ಎತ್ತಿದಳು.

“ನಿಲ್ಲು. ಯಾನ್ ಕರೀಬ್ಯಾಡ ಅಂದ?”

“ಹೊಲೆ.”

“ನಮ್ಮ ಹೆಸರು?”

“ನಮ್ಮ ಹೆಸರಲ್ಲ ಅತ್ತಿ. ಹೊಲಸು ಅಂತ ಅರ್ಥ. ಆ ಅರ್ಥಕ್ಕ ನಮ್ಮ ಹೆಸರ ಬಳಸ್ಯಾರ.”

“ಬಳಸಿದವರ ಬಾಯಾಗ ಹುಳ ಬೀಳ್ಲಿ. ನಾ ಅದು ಕೇಳ್ಲಿಲ್ಲ. ಹಾಂಗ ಅನಬ್ಯಾಡ ಅಂದಾಂವ ಯಾರು?”

“ದೇವರು.”

“ಹಾಂಗಾರ ನಮ್ಮ ಹೆಸರ ತಗೊಂಡು ನಮ್ಮ ಕಡಿ ಮಾತಾಡ್ಯಾನ. ಇಷ್ಟ ದೊಡ್ಡ ಮಾತಿಗಿ ಹಲ್ಕಟ್ ಅಂತೀಯಲ್ಲ.” ಆಮೇಲೆ ಕೇಳಿದಳು, “ಎಷ್ಟ ಸಲ ಅಂದ?”

ಪುಸ್ತಕ ನೋಡಿದೆ. ಹೀಗೆ ಮೂರು ಸಲ ಆಯಿತು ಎಂದಿತ್ತು. ನಾನು ಎಷ್ಟು ವರ್ಷ ಕೆಳಗೆ ನೋಡುತ್ತ ಕೂತು ಅದನ್ನು ಓದಿರಲಿಲ್ಲ.

“ಮೂರು.”

“ಒಂದೇ ಸಲಕ್ಕ ತಿಳಿಯೋ ಜನ ಅಲ್ಲ ಅವರು,” ಎಂದಳು ಕಾಳವ್ವ. ಮಿಶ್ರಿ ಡಬ್ಬಿ ತೆಗೆದಳು.

೨೭ ಡಿಸೆಂಬರ್, ಭಾನುವಾರ

ಓದಿದೆ.

ಕಾಳವ್ವನ ಪಕ್ಕ ಚಾಪೆಯ ಮೇಲೆ ಕೂತಿದ್ದೆ. ಅಯ್ಯನವರು ತಲೆಯಾಡಿಸಿದಾಗ ಅಲ್ಲಿಂದಲೇ ಎದ್ದು ಹೋದೆ. ಮೇಜು ಎದೆಮಟ್ಟಕ್ಕೆ, ಶನಿವಾರದ ಹಾಗೆಯೇ. ಬೆಂಚುಗಳ ಮೇಲೆ ಮಾತ್ರ ಜನ. ಮಾಳಿಗೆ, ಹಸಿವು, ಜೋಳಿಗೆ, ಎಲ್ಲ ಓದಿದೆ. ಪ್ರಭು ಎಂದೆ, ಶಬ್ದ ಎಂದೆ. ಆ ಸಾಲು ಬಂತು. ಓದಿದೆ. ಮುಂದಿನ ಬೆಂಚಿನಲ್ಲಿ ಕುಂದರ್ ಹಾಡಿನ ಪುಸ್ತಕದ ಹಾಳೆ ತಿರುವುತ್ತಿದ್ದರು, ತಮ್ಮ ಸ್ತೋತ್ರದ ಹಾಡು ಹುಡುಕುತ್ತ.

ಮೂರು ಸಲ ಆಯಿತು ಎಂದಿರುವಲ್ಲಿ ಒಂದು ಸಲ ಓದಿ ಕೂಡುವುದು ಸುಳ್ಳು. ಆದ್ದರಿಂದ ಆ ಸಾಲನ್ನು ಮತ್ತೆ ಓದಿದೆ, ನಿಧಾನವಾಗಿ, ಆ ಶಬ್ದದ ಮೇಲೆ ಕಾಲೂರಿ ನಿಂತು. ಹಾಳೆಯ ಸಪ್ಪಳ ನಿಂತಿತು. ಕುಂದರ್ ತಲೆ ಎತ್ತಿದರು. ಅವರ ಕಣ್ಣನ್ನೇ ನೋಡಿದೆ. ಅಶುದ್ಧವನ್ನು ಕಂಡಾಗ ಮುಖ ಹೇಗಾಗುತ್ತದೋ ಹಾಗಾಗಿತ್ತು ಆ ಮುಖ. ಆ ಮುಖ ನನಗೆ ಹುಟ್ಟಿದಾಗಿನಿಂದ ಗೊತ್ತು. ಯಾವತ್ತೂ ಹೀಗೆ ಮೇಲಿನಿಂದ ನೋಡಿರಲಿಲ್ಲ, ಅಷ್ಟೆ.

“ಚಂದ್ರಬಾಯಿ,” ಎಂದರು ಅಯ್ಯನವರು, ಮೆಲ್ಲಗೆ, ಪಕ್ಕದಿಂದ. “ಸಾಕಮ್ಮ.”

“ಇನ್ನೊಂದು ಸಲ ಅದರೀ,” ಎಂದೆ. ಓದಿದೆ.

ಹಿಂದಿನಿಂದ ಕಾಳವ್ವನ ಗಂಟಲು ಬಂತು, ಹಾಡು ಎಳೆಯುವ ಅದೇ ಗಂಟಲು: “ಹೂಂ ಅನ್ರಿ ಯಾರರ. ದೇವರು ಮಾತಾಡ್ಲತ್ತಾನ.”

ಚಾಪೆಯಿಡೀ ಹೂಂ ಎಂದಿತು.

ಬಾಗಿಲ ಹತ್ತಿರ ಕುಂದರ್ ಅಡ್ಡ ನಿಂತರು. “ನಿಮಗೆ ಓದ್ಲಿಕ್ಕೆ ಕೊಟ್ಟದ್ದು, ಭಾಷಣ ಮಾಡ್ಲಿಕ್ಕಲ್ಲ.”

“ನನ್ನದೊಂದು ಅಕ್ಷರಾನೂ ಸೇರಿಸಿಲ್ಲರೀ. ಪ್ರಭು ಬರೋಬರಿ ಬಂತೇನು?”

ಸ್ತೋತ್ರ ಸಲ್ಲಿಸಬೇಕಾದ ಮನುಷ್ಯ ಸ್ತೋತ್ರ ಸಲ್ಲಿಸದೆ ವಾಶಿಗೆ ಹೋದರು.

೧ ಜನವರಿ ೧೯೮೨, ಶುಕ್ರವಾರ

ಡೈರಿ ಮುಗಿದಿದೆ. ಹಿಂದಿನ ರಟ್ಟಿನ ಒಳಗೆ ಬರೆಯುತ್ತಿದ್ದೇನೆ.

ಹಳೆಯ ಚೀಟಿಗಳನ್ನು ವಾಪಸು ಕೊಟ್ಟರು, ಯಾರ ಗುರಿ ಎಷ್ಟು ನೆರವೇರಿತು ನೋಡಿಕೊಳ್ಳಿ ಎಂದು. ನನ್ನ ಚೀಟಿಯ ಕೆಂಪು ಗೆರೆಯ ಕೆಳಗೆ ನನ್ನ ಸಾಲು ಇನ್ನೂ ಕಾಣುತ್ತಿತ್ತು. ಗೀಟಿನ ಲೆಕ್ಕ ಯಾವ ತಿಂಗಳಿನಿಂದ ನಿಲ್ಲಿಸಿದೆನೋ ಗೊತ್ತಿಲ್ಲ, ಈಗ ಹಿಂದೆ ತಿರುವಿ ನೋಡಿದರೆ ಸಿಗಲಿಲ್ಲ. ಸಭಾಹಿರಿಯರು ಸಭೆ ಸೇರಿ ನಿರ್ಧರಿಸಿದ್ದಾರಂತೆ: ಇನ್ನು ಮೇಲೆ ಪಾಠ ಓದುವವರ ಹೆಸರುಗಳನ್ನು ಮೊದಲೇ ಬರೆದು ಅಂಟಿಸುತ್ತಾರೆ. ಅಂಟಿಸಿದ್ದಾರೆ. ನನ್ನ ಹೆಸರಿಲ್ಲ. ಹಾಲಿನ ಕೀಲಿಕೈಯನ್ನೂ ಕಸಬರಿಗೆಯನ್ನೂ ಆ ಪಟ್ಟಿಯ ಕೆಳಗಿನ ಬೆಂಚಿನ ಮೇಲೆ ಇಟ್ಟು ಬಂದೆ. ಪಟ್ಟಿಯಲ್ಲಿ ಹತ್ತು ಹೆಸರಿವೆ. ಶುಚಿತ್ವದ ವರ ಅವರಲ್ಲಿ ಯಾರಿಗಾದರೂ ಇಳಿಯಲಿ.

ಹೊಸ ಚೀಟಿ ಹಂಚುವಾಗ ಕಾಳವ್ವ ಕೈ ಚಾಚಿದಳು. ಹೋದ ವರ್ಷ ಅವಳು ಚೀಟಿ ಮುಟ್ಟಿರಲಿಲ್ಲ. ಅಯ್ಯನವರು ತಬ್ಬಿಬ್ಬಾದರು.

“ಏನು ಬರೆಸ್ತೀಯಮ್ಮ?”

“ಆ ಸಾಲು ಇವಳು ಓದಿದ್ಲು, ನಾ ಕೇಳ್ದೆ. ಬರೋ ವರ್ಸದೊಳಗ ನಾನೇ ಓದ್ತೀನಿ. ಬರಿ ಚಂದ್ರಿ.”

ಬರೆದೆ. ಹೆಬ್ಬೆಟ್ಟು ಒತ್ತಿದಳು. ಅಯ್ಯನವರು ಚೀಟಿಯನ್ನು ನೋಡಿ, “ಕೊನೆಗೆ ಕರ್ತನ ಚಿತ್ತವಾದರೆ ಅಂತ ಸೇರಿಸಬೇಕಲ್ಲ,” ಎಂದರು.

“ಅವನ ಚಿತ್ತ ಅಂವ ಮೂರು ಸಲ ಹೇಳ್ಯಾನಲ್ರಿ,” ಎಂದಳು ಕಾಳವ್ವ. “ನಾಕನೇ ಸಲ ಯಾಕ ಕೇಳ್ಲಿ?”

ಅಂಬರನಾಥದ ಗಾಡಿಯಲ್ಲಿ ಕೂಡಲು ಜಾಗ ಸಿಕ್ಕಿತು. ಅವಳ ಅಂಗೈ ಮೇಲೆ ಬೆರಳಿನಿಂದ ‘ಹೊ’ ಬರೆದೆ. ಅವಳು ನನ್ನ ಅಂಗೈ ಬಿಡಿಸಿ, ಮಿಶ್ರಿ ಬೆರಳಿನಿಂದ ಅದನ್ನೇ ತಿರುಗಿ ಬರೆದಳು. ಕಪ್ಪಗೆ, ಉಲ್ಟಾ ಮೂಡಿತು. ಇನ್ನೊಂದು ಕೈ ಬಿಡಿಸಿ ಹಿಡಿದೆ, ಮತ್ತೊಮ್ಮೆ ಬರಿ ಎಂದೆ.